ಪರದೇಶದಲ್ಲಿ ತರುಣ ಮಿಶನೆರಿಯ ಏಳು ದಿನಗಳು

ಆಗುಂಬೆ, ತೀರ್ಥಹಳ್ಳಿ, ಹೊಸನಗರ, ಸಾಗರಗಳ ಕಡೆಯಿಂದ ಮೇಲಣ ವಿದ್ಯಾಭ್ಯಾಸಕ್ಕೋಸ್ಕರ ಬೆಂಗಳೂರಿಗೆ ಹೋಗಿರುವ ವಿದ್ಯಾರ್ಥಿನಿಯರು ರಜೆಗೆ ಬಂದಾಗ ನಮ್ಮನ್ನು ಕೇಳುವುದುಂಟು: ಬಿಳಿಯ ಅಂಗಿಯನ್ನು ತೊಟ್ಟು, ಎದೆಯ ಮೇಲೆ ಕಪ್ಪು ಹೆಸರುಪಟ್ಟಿಯನ್ನು ಧರಿಸಿ, ಯಾವಾಗಲೂ ಇಬ್ಬಿಬ್ಬರಾಗಿಯೇ ನಡೆಯುವ ಆ ತರುಣರು ಯಾರು? ಅವರು ನಮ್ಮ ಸಭೆಗಳಿಗೆ ಸೇರಿದವರೋ? ದಿನವೆಲ್ಲಾ ಅವರು ಮಾಡುವ ಕೆಲಸವಾದರೂ ಏನು? ಈ ಪ್ರಶ್ನೆಗಳಿಗೆ ಒಂದೆರಡು ಮಾತಿನಲ್ಲಿ ಉತ್ತರ ಕೊಟ್ಟು ಮುಗಿಸಲಾಗದೆ, ನಮಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಇವರನ್ನು ಲೋಕವು ಮಾರ್ಮನ್ನರೆಂದು ಕರೆಯುವುದು. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು 'ಕಡೇ ದಿನಗಳ ಸಂತರ ಯೇಸು ಕ್ರಿಸ್ತನ ಸಭೆ' ಎಂಬುದಾಗಿದೆ. ಈ ಪೂರ್ತಿ ಹೆಸರಿನಿಂದಲೇ ತಮ್ಮನ್ನು ಕರೆಯಬೇಕೆಂದು ಆ ಸಭೆಯ ಅಧ್ಯಕ್ಷರು ೨೦೧೮ರಲ್ಲಿ ಎಲ್ಲರನ್ನೂ ಕೇಳಿಕೊಂಡರು. ಅಮೇರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಜೋಸೆಫ್ ಸ್ಮಿತ್ ಎಂಬಾತನು ೧೮೩೦ರ ಏಪ್ರಿಲ್ ೬ರಂದು ಈ ಸಭೆಯನ್ನು ಸ್ಥಾಪಿಸಿದನು. ಅವನು ಕೊಲ್ಲಲ್ಪಟ್ಟ ತರುವಾಯ ಬ್ರಿಗ್ಯಮ್ ಯಂಗ್ ಎಂಬವನ ಮುಂದಾಳುತನದಲ್ಲಿ ಅವರು ೧೮೪೭ರಲ್ಲಿ ಉಪ್ಪುಸರೋವರದ ಬಯಲಿಗೆ ವಲಸೆ ಹೋಗಿ ಪಟ್ಟಣವನ್ನು ಕಟ್ಟಿಕೊಂಡರು. ಅದೇ ಈಗಿನ ಸಾಲ್ಟ್ ಲೇಕ್ ನಗರ. ಸತ್ಯವೇದದ ಜೊತೆಗೆ 'ಮಾರ್ಮನನ ಗ್ರಂಥ'ವನ್ನೂ ದೈವಪ್ರೇರಿತವೆಂದು ಅವರು ನಂಬುವುದರಿಂದ ಇತರ ಕ್ರೈಸ್ತ ಸಭೆಗಳು ಅವರ ಬೋಧನೆಯನ್ನು ಒಪ್ಪುವುದಿಲ್ಲ. ಅವರು ಕೊಡುವ ದೀಕ್ಷಾಸ್ನಾನವು ಸಿಂಧುವಲ್ಲವೆಂದು ರೋಮನ್ ಕಥೋಲಿಕ ಸಭೆಯು ೨೦೦೧ರಲ್ಲಿ ತೀರ್ಮಾನಿಸಿತು. ಈ ಭೇದವನ್ನು ನಾವು ಮರೆಮಾಚುವುದಿಲ್ಲ. ಆದರೆ ನಮ್ಮ ಪ್ರಕೃತ ವಿಷಯವು ಅದಲ್ಲ. ಹದಿನೆಂಟು ಹತ್ತೊಂಬತ್ತು ವರ್ಷದ ಹುಡುಗನೋ ಹುಡುಗಿಯೋ ಮನೆಯನ್ನು ಬಿಟ್ಟು, ಭಾಷೆ ಬಾರದ ಸ್ಥಳದಲ್ಲಿ ನಿಂತು, ಅಪರಿಚಿತರ ಬಾಗಲನ್ನು ತಟ್ಟುವುದು ಹೇಗೆ ಎಂಬುದೇ ನಾವು ತಿಳಿಯಬೇಕಾದದ್ದು.

ಆ ಸಭೆಯ ಕ್ರಮವೇನಂದರೆ, ಗಂಡುಮಕ್ಕಳು ೨೪ ತಿಂಗಳೂ ಹೆಣ್ಣುಮಕ್ಕಳು ೧೮ ತಿಂಗಳೂ ಮಿಶನ್ ಸೇವೆಗೆ ಹೋಗುತ್ತಾರೆ. ಗಂಡುಮಕ್ಕಳು ಹೋಗುವುದು ಕರ್ತವ್ಯವೆಂದು ಎಣಿಸಲ್ಪಡುವುದು; ಹೆಣ್ಣುಮಕ್ಕಳು ಹೋಗುವುದು ಅವರ ಇಚ್ಛೆ. ಹೀಗೆ ಹೊರಟು ಲೋಕದಲ್ಲೆಲ್ಲಾ ಹರಡಿರುವವರ ಸಂಖ್ಯೆಯು ೨೦೨೪ರ ಕೊನೆಗೆ ೭೦,೦೦೦ಕ್ಕೂ ಮಿಕ್ಕಿತ್ತು. ಇವರಿಗೆ ಸಂಬಳವಿಲ್ಲ. ಖರ್ಚನ್ನು ತಾವು ಕೂಡಿಟ್ಟ ಹಣದಿಂದಲೋ ತಂದೆತಾಯಿಗಳ ಸಹಾಯದಿಂದಲೋ ನಡಿಸಬೇಕು. ಅಮೇರಿಕಾದ ಮನೆಯವರು, ಮಗನು ಬೆಲೆಯೇರಿದ ದೇಶಕ್ಕೆ ಹೋಗಲಿ ಅಗ್ಗದ ದೇಶಕ್ಕೆ ಹೋಗಲಿ, ತಿಂಗಳಿಗೆ ಒಂದೇ ಗೊತ್ತಾದ ಮೊತ್ತವನ್ನು ಕಟ್ಟುತ್ತಾರೆ. ಎಲ್ಲಿಗೆ ಹೋಗಬೇಕೆಂಬುದನ್ನು ಹೋಗುವವನು ಆರಿಸುವುದಿಲ್ಲ. ಅರ್ಜಿ ಹಾಕಿದ ಮೇಲೆ ಸಾಲ್ಟ್ ಲೇಕಿನಿಂದ ಕರೆ ಬರುವುದು. ಮನೆಯವರೂ ನೆಂಟರೂ ಸುತ್ತಲೂ ಕೂಡಿರಲು ಅದನ್ನು ಗಟ್ಟಿಯಾಗಿ ಓದುವ ವಾಡಿಕೆಯುಂಟು. ಬ್ರಜಿಲ್ ಎಂದಿರಬಹುದು, ತೈವಾನ್ ಎಂದಿರಬಹುದು, ಅಥವಾ ಪಕ್ಕದ ಸಂಸ್ಥಾನವೇ ಆಗಿರಬಹುದು. ಆ ಕ್ಷಣದಲ್ಲಿ ತಾಯಂದಿರ ಮುಖವು ಹೇಗಿರುವುದೆಂದು ಊಹಿಸಿಕೊಳ್ಳಲು ಮಗಳನ್ನು ಹಾಸ್ಟೆಲಿಗೆ ಕಳುಹಿಸಿರುವ ನಮ್ಮ ಮಲೆನಾಡಿನ ತಾಯಂದಿರಿಗೆ ಕಷ್ಟವಾಗದು.

ಹೊರಡುವ ಮುಂಚೆ ಶಿಕ್ಷಣಶಾಲೆಯಲ್ಲಿ ಕೆಲವು ವಾರ ತರಬೇತು. ಇಂತಹ ಶಾಲೆಗಳಲ್ಲಿ ಹೆಸರಾದದ್ದು ಯೂಟಾ ಸಂಸ್ಥಾನದ ಪ್ರೋವೋ ಎಂಬ ಊರಿನದು. ಹೊಸ ಭಾಷೆಯನ್ನು ಕಲಿಯಬೇಕಾದವರು ಅಲ್ಲಿ ಒಂದೂವರೆ ಎರಡು ತಿಂಗಳು ಇರುತ್ತಾರೆ. ಬೇಡದವರು ಅದಕ್ಕೂ ಕಡಿಮೆ. ಆ ಬಳಿಕ ವಿಮಾನ, ಆ ಬಳಿಕ ವಾರಗಳ ಸಾಲು. ಅಂಥ ವಾರವೊಂದನ್ನೇ ಈಗ ತೆಗೆದುಕೊಳ್ಳೋಣ.

ವಾರದಲ್ಲಿ ಒಂದು ದಿನ, ಹೆಚ್ಚಾಗಿ ಸೋಮವಾರ, 'ಸಿದ್ಧತೆಯ ದಿನ'ವೆಂದು ಮೀಸಲು. ಅಂದು ಬಟ್ಟೆ ಒಗೆಯುವುದು, ಕೋಣೆ ಗುಡಿಸುವುದು, ಸಂತೆಯಿಂದ ವಾರದ ಸಾಮಾನು ತರುವುದು, ಕೂದಲು ಕತ್ತರಿಸಿಕೊಳ್ಳುವುದು. ತಾಯಿಯು ಒಗೆದು ಮಡಚಿಟ್ಟ ಬಟ್ಟೆಯನ್ನೇ ತೊಟ್ಟು ಬೆಳೆದವನಿಗೆ ಬಿಳಿಯ ಅಂಗಿಯ ಕೊರಳಪಟ್ಟಿಯ ಕೊಳೆಯು ಎಷ್ಟು ಹಟಮಾರಿಯೆಂಬುದು ಆಗ ತಿಳಿಯುತ್ತದೆ. ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಲ್ಲಿ ಆಷಾಢದ ಬಟ್ಟೆಯನ್ನು ಬಚ್ಚಲೊಲೆಯ ಕಾವಿಗೆ ಹರವಿ ಒಣಗಿಸುವ ನಮ್ಮವರಿಗೆ ಈ ಕಷ್ಟವು ಹೊಸದಲ್ಲ. ಆದರೆ ಅಂದಿನ ಮುಖ್ಯ ಕೆಲಸವು ಮನೆಗೆ ಬರೆಯುವುದು. ಪ್ರತಿ ವಾರವೂ ತಂದೆತಾಯಿಗಳಿಗೆ ಒಂದು ಪತ್ರ, ತನ್ನ ಮೇಲಿನ ಮಿಶನ್ ಅಧ್ಯಕ್ಷರಿಗೆ ಒಂದು. ೨೦೧೯ರ ಫೆಬ್ರವರಿಯ ತನಕ ಮನೆಯವರ ಧ್ವನಿಯನ್ನು ಕೇಳುವುದಕ್ಕೆ ವರ್ಷದಲ್ಲಿ ಎರಡೇ ದಿನ ಅನುಮತಿಯಿತ್ತು: ಕ್ರಿಸ್ಮಸ್ ಮತ್ತು ಅಮೇರಿಕಾದವರು ಆಚರಿಸುವ ತಾಯಂದಿರ ದಿನ. ಅಂದಿನಿಂದೀಚೆಗೆ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಾತನಾಡಬಹುದು, ಮುಖವನ್ನೂ ನೋಡಬಹುದು. ಹಿಂದಿನ ಕಟ್ಟಳೆಯು ಮನಸ್ಸನ್ನು ಗಟ್ಟಿಮಾಡುತ್ತಿತ್ತೆಂದು ಹೇಳುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ತಾಯಿಯ ಸಂಗಡ ವಾರಕ್ಕೊಮ್ಮೆ ಮಾತನಾಡಿದ್ದರಿಂದ ಯಾರ ಸೇವೆಯೂ ಕೆಟ್ಟಿರಲಾರದು.

ಉಳಿದ ದಿನಗಳ ಕ್ರಮವು ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಆರೂವರೆಗೆ ಏಳುವುದು, ಅರ್ಧ ಗಂಟೆ ವ್ಯಾಯಾಮ, ಸ್ನಾನ, ಉಪಾಹಾರ, ತರುವಾಯ ಒಬ್ಬೊಬ್ಬನಾಗಿ ವೇದಪಠನ, ಜೊತೆಗಾರನೊಡನೆ ಪಠನ, ಭಾಷಾಭ್ಯಾಸ. ಮಧ್ಯಾಹ್ನದ ಮುಂಚೆಯೇ ಹೊರಗೆ ಹೊರಟರೆ ಊಟದ ಹೊತ್ತನ್ನು ಬಿಟ್ಟು ರಾತ್ರಿ ಒಂಭತ್ತರ ತನಕ ಬೀದಿಯಲ್ಲಿಯೂ ಜನರ ಮನೆಗಳಲ್ಲಿಯೂ ಕಾಲ ಕಳೆಯುವುದು. ಹತ್ತೂವರೆಗೆ ದೀಪ ಆರಿಸಬೇಕು. ೨೦೧೭ರಲ್ಲಿ ಈ ವೇಳಾಪಟ್ಟಿಯನ್ನು ಸಡಿಲಿಸಿ ಆಯಾ ದೇಶದ ಅನುಕೂಲವನ್ನು ನೋಡಿಕೊಳ್ಳಲು ಅವಕಾಶಕೊಟ್ಟರು. ಸಿನೆಮಾ ಇಲ್ಲ, ಗಂಡುಹೆಣ್ಣುಗಳ ಸ್ನೇಹ ಸಲ್ಲದು, ನೀರಿಗಿಳಿದು ಈಜಕೂಡದು. ಈ ಕಡೆಯ ನಿಯಮವನ್ನು ಕೇಳಿದರೆ ತುಂಗೆಯ ದಡದಲ್ಲಿ ಬೆಳೆದ ಮಕ್ಕಳು ನಕ್ಕಾರು!

ಎಲ್ಲಕ್ಕಿಂತ ದೊಡ್ಡ ನಿಯಮವು ಜೊತೆಗಾರನದು. ಒಬ್ಬನೇ ಎಲ್ಲಿಗೂ ಹೋಗತಕ್ಕದ್ದಲ್ಲ. ಒಂದೇ ಮನೆಯಲ್ಲಿ ಮಲಗಬೇಕು, ಕೂಡಿ ಅಡಿಗೆ ಮಾಡಬೇಕು, ಕೂಡಿ ನಡೆಯಬೇಕು. ಆ ಜೊತೆಗಾರನನ್ನೂ ಇವನು ಆರಿಸಿದ್ದಲ್ಲ. ಮಿಶನ್ ಅಧ್ಯಕ್ಷರು ಗೊತ್ತುಮಾಡಿದವನು. ಸುಮಾರು ಆರು ವಾರಕ್ಕೊಮ್ಮೆ ವರ್ಗಾವಣೆಯ ಸಮಯ ಬರುವುದು. ಆಗ ಜೊತೆಯೂ ಬದಲಾಗಬಹುದು, ಊರೂ ಬದಲಾಗಬಹುದು. ಒಬ್ಬನು ಚುರುಕು, ಇನ್ನೊಬ್ಬನು ನಿಧಾನ. ಒಬ್ಬನು ಮಾತುಗಾರ, ಇನ್ನೊಬ್ಬನು ಮೌನಿ. ಒಬ್ಬನಿಗೆ ಅನ್ನ ಬೇಕು, ಇನ್ನೊಬ್ಬನಿಗೆ ರೊಟ್ಟಿ. ಪರರೊಡನೆ ಸಮಾಧಾನವನ್ನು ಕುರಿತು ದಿನವಿಡೀ ಮಾತನಾಡಿ ಬಂದವರು ರಾತ್ರಿ ಪಾತ್ರೆ ತೊಳೆಯುವ ಸರದಿಗಾಗಿ ಮುಖ ತಿರುಗಿಸಿಕೊಂಡು ಕೂರುವುದು ಮನುಷ್ಯಸ್ವಭಾವವೇ. ಇಂಥ ಮನಸ್ತಾಪವನ್ನು ಬಿಚ್ಚಿ ಮಾತನಾಡಿ ತೀರಿಸಿಕೊಳ್ಳಲೆಂದೇ ವಾರದಲ್ಲಿ ಒಂದು ಹೊತ್ತನ್ನು ಜೊತೆಗಾರರು ಗೊತ್ತುಮಾಡಿಕೊಂಡಿರಬೇಕೆಂದು ಅವರ ಕಟ್ಟಳೆಯಲ್ಲಿದೆ. ಇದು ನಮಗೆ ಬಹಳ ಬುದ್ಧಿವಂತಿಕೆಯ ಏರ್ಪಾಡೆಂದು ಕಾಣುತ್ತದೆ. ಹಾಸ್ಟೆಲುಗಳಲ್ಲಿಯೂ ಇದನ್ನು ಪರೀಕ್ಷಿಸಿ ನೋಡಬಹುದು.

ಈ ಹುಡುಗರನ್ನು 'ಎಲ್ಡರ್' ಎಂದು ಕರೆಯುತ್ತಾರೆ, ಅಂದರೆ ಹಿರಿಯ. ಮೀಸೆ ಸರಿಯಾಗಿ ಮೂಡದವನು ಹಿರಿಯನೆನಿಸಿಕೊಳ್ಳುವುದನ್ನು ಕಂಡು ನಗುವವರುಂಟು. ಹುಡುಗಿಯರಿಗೆ 'ಸಿಸ್ಟರ್' ಎಂಬ ಹೆಸರು. ಆದರೆ ಇವರು ಕನ್ಯಾಮಠದವರಲ್ಲ, ಮನೆಗೆ ಮರಳಿ ಓದು, ಉದ್ಯೋಗ, ಮದುವೆಗಳಿಗೆ ತಿರುಗುವವರೇ.

ಮಂಗಳವಾರದಿಂದ ಶನಿವಾರದ ವರೆಗಿನ ಕಾಲವು ಹೇಗೆ ಹೋಗುತ್ತದೆಂದು ಲೆಕ್ಕ ಹಾಕಿದರೆ ಒಂದು ಸಂಗತಿಯು ಕಾಣುವುದು. ಬೋಧಿಸುವ ಹೊತ್ತು ಸ್ವಲ್ಪ. ಬೋಧಿಸಲು ಯಾರಾದರೂ ಸಿಕ್ಕಾರೋ ಎಂದು ಹುಡುಕುವ ಹೊತ್ತು ಬಹಳ. ಗೊತ್ತುಮಾಡಿದ ಸಮಯಕ್ಕೆ ಹೋದರೆ ಮನೆಗೆ ಬೀಗ. ನಾಳೆ ಬನ್ನಿರೆಂದವರು ನಾಳೆ ಬಾಗಲು ತೆರೆಯುವುದಿಲ್ಲ. ಕೆಲವರು ಮರ್ಯಾದೆಯಿಂದ ಬೇಡವೆನ್ನುತ್ತಾರೆ, ಕೆಲವರು ಗದರಿಸುತ್ತಾರೆ. ವಾರದಲ್ಲಿ ಕೆಲವು ಗಂಟೆಗಳನ್ನು ಪರೋಪಕಾರದ ಕೆಲಸಕ್ಕಾಗಿ, ಅಂದರೆ ಮುದುಕರ ತೋಟ ಅಗೆಯುವುದು, ಮನೆ ಸಾಗಿಸುವವರ ಸಾಮಾನು ಹೊರುವುದು, ಇಂಥವುಗಳಿಗೆ ವಿನಿಯೋಗಿಸುವರು. ಭಾಷೆ ಬಾರದ ಹೊಸಬನಿಗೆ ಆ ಗಂಟೆಗಳೇ ಹೆಚ್ಚು ನೆಮ್ಮದಿಯವು. ಗುದ್ದಲಿ ಹಿಡಿದವನಿಗೆ ವ್ಯಾಕರಣದ ಭಯವಿರುವುದಿಲ್ಲವಷ್ಟೆ.

ಇನ್ನು ಆತಿಥ್ಯದ ಮಾತು. ೧೮೩೩ರಲ್ಲಿ ಜೋಸೆಫ್ ಸ್ಮಿತನು ಕೊಟ್ಟ ಪಥ್ಯದ ಉಪದೇಶದ ಪ್ರಕಾರ ಇವರು ಮದ್ಯವನ್ನೂ ಹೊಗೆಸೊಪ್ಪನ್ನೂ ಮಾತ್ರವಲ್ಲ, ಚಹವನ್ನೂ ಕಾಫಿಯನ್ನೂ ಮುಟ್ಟುವುದಿಲ್ಲ. ಮಲೆನಾಡಿನಲ್ಲಿ ಮನೆಗೆ ಬಂದವರ ಕೈಗೆ ಕಾಫಿಯ ಲೋಟ ಕೊಡದೆ ಮಾತು ಆರಂಭವಾಗುವುದೆಂತು? ಬೇಡವೆಂದರೆ ಮನೆಯಾಕೆಗೆ ಅಪಮಾನ. ಕುಡಿದರೆ ಅವನಿಗೆ ವ್ರತಭಂಗ. ಇಂಥ ಇಕ್ಕಟ್ಟು ಚಹ ಕುಡಿಯುವ ದೇಶಗಳಲ್ಲೆಲ್ಲಾ ಅವರಿಗೆ ದಿನಂಪ್ರತಿ ಒದಗುವುದು. ನಮ್ಮ ಕಡೆಯ ಹಿರಿಯರು ಕಾಫಿ ಬರುವ ಮುಂಚಿನಿಂದಲೂ ಬೆಲ್ಲ ನೀರು ಕೊಟ್ಟು ಉಪಚರಿಸುತ್ತಿದ್ದರು, ಮಜ್ಜಿಗೆಯೂ ಉಂಟು. ಅವರು ಈ ಕಡೆಗೆ ಬಂದದ್ದಾದರೆ ಈ ಎರಡರಿಂದಲೇ ಇಬ್ಬರ ಮರ್ಯಾದೆಯೂ ಉಳಿದೀತು.

ಭಾಷೆಯ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಯಾಕಂದರೆ ಪರದೇಶದ ಮಿಶನೆರಿಯ ಸೇವೆಯು ನಿಲ್ಲುವುದೂ ಬೀಳುವುದೂ ಅದರ ಮೇಲೆಯೇ ಎಂದು ನಾವು ಎಣಿಸುತ್ತೇವೆ. ಇದಕ್ಕೆ ೧೮೫೩ನೆಯ ಇಸವಿಗಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಆ ವರ್ಷದ ಜನವರಿಯ ಕೊನೆಯಲ್ಲಿ ಸಾನ್ ಫ್ರಾನ್ಸಿಸ್ಕೋ ರೇವಿನಿಂದ 'ಮಾನ್ಸೂನ್' ಎಂಬ ಹಡಗನ್ನೇರಿ ಹೊರಟ ಮಾರ್ಮನ್ ಮಿಶನೆರಿಗಳು ಏಪ್ರಿಲ್ ತಿಂಗಳಲ್ಲಿ ಕಲ್ಕತ್ತೆಯಲ್ಲಿಳಿದರು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್, ರಾಬರ್ಟ್ ಸ್ಕೆಲ್ಟನ್ ಮೊದಲಾದವರು ಮದ್ರಾಸಿಗೆ ಬಂದರು. ಇವರಿಗಿಂತ ಮುಂಚೆಯೇ ಹ್ಯೂ ಫಿಂಡ್ಲೇ ಎಂಬವನು ಮುಂಬಯಿ, ಪುಣೆಗಳಲ್ಲಿ ಕೆಲಸ ಆರಂಭಿಸಿದ್ದನು. ಕೈಯಲ್ಲಿ ಹಣವಿಲ್ಲದೆ, ಕೇಳುವವರ ಆತಿಥ್ಯವನ್ನೇ ನಂಬಿ ಹೊರಟವರು ಅವರು. ಇಂಗ್ಲಿಷ್ ಬಲ್ಲವರಿಗೇ, ವಿಶೇಷವಾಗಿ ದಂಡಿನ ಸಿಪಾಯಿಗಳಿಗೇ, ಅವರ ಮಾತು ತಲಪಿತು. ದಂಡಿನ ಅಧಿಕಾರಿಗಳು ಅದಕ್ಕೂ ಅಡ್ಡಿಮಾಡಿದರು. ಬ್ಯಾಲಂಟೈನನು ೧೮೫೪ರಲ್ಲಿಯೇ ಮದ್ರಾಸನ್ನು ಬಿಟ್ಟನು. ೧೮೫೬ರ ಹೊತ್ತಿಗೆ ಬಹುಮಟ್ಟಿಗೆ ಎಲ್ಲರೂ ಮರಳಿಹೋಗಿದ್ದರು.

ಅದೇ ೧೮೫೩ರಲ್ಲಿ ಬಾಸೆಲ್ ಮಿಶನ್ನಿನ ಇಪ್ಪತ್ತೊಂದು ವರ್ಷದ ತರುಣನೊಬ್ಬನು ಕನ್ನಡ ನಾಡಿಗೆ ಬಂದನು. ಅವನೇ ಫೆರ್ಡಿನಂಡ್ ಕಿಟ್ಟೆಲ್. ಆಗುಂಬೆಯ ಘಾಟಿಯ ಮೇಲೆ ನಿಂತು ಸೂರ್ಯಾಸ್ತವನ್ನು ನೋಡುವವರಿಗೆ ತಿಳಿಯಾದ ದಿನಗಳಲ್ಲಿ ದೂರದಲ್ಲಿ ಮಿನುಗುವ ಆ ಪಡುಗಡಲಿನ ದಾರಿಯಿಂದಲೇ ೧೮೩೪ರಲ್ಲಿ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಆ ಮಿಶನ್ನಿನ ಕೆಲಸವನ್ನು ತೊಡಗಿಸಿದ್ದರು. ೧೮೩೬ರಲ್ಲಿ ಮೇಗ್ಲಿಂಗ್ ಬಂದು ೧೮೪೩ರ ಜುಲಾಯಿ ೧ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದನು. ಘಾಟಿಯ ಕೆಳಗೆ ಮಂಗಳೂರು, ಮೇಲೆ ಧಾರವಾಡ ಹುಬ್ಬಳ್ಳಿ, ಇವೇ ಅವರ ಠಾಣೆಗಳು. ಹೊಸದಾಗಿ ಬಂದವನಿಗೆ ಮೊದಲ ಕೆಲಸವು ಪ್ರಸಂಗವಲ್ಲ, ಭಾಷೆ. ಕಿಟ್ಟೆಲನು ಪಂಡಿತರ ಬಳಿಯಲ್ಲಿ ಕೂತು ಕನ್ನಡವನ್ನು ಅಕ್ಷರದಿಂದ ಹಿಡಿದು ಹಳಗನ್ನಡ ಕಾವ್ಯದ ತನಕ ಕಲಿತನು. ಬೋಧನೆಯನ್ನು ಬಿಟ್ಟು ಭಾಷೆಗೇ ಇಷ್ಟು ಕಾಲ ಕೊಡುತ್ತಾನಲ್ಲಾ ಎಂದು ಅವನ ಮೇಲಿನವರಿಗೆ ಅಸಮಾಧಾನವೂ ಉಂಟಾಯಿತು. ನಿಘಂಟು ಅಚ್ಚಾಗಿ ಹೊರಬಂದದ್ದು ೧೮೯೪ರಲ್ಲಿ, ಅಂದರೆ ಅವನು ಬಂದು ೪೧ ವರ್ಷಗಳ ತರುವಾಯ. ಅದರಲ್ಲಿ ಸುಮಾರು ೭೦,೦೦೦ ಶಬ್ದಗಳಿವೆ.

ಒಂದು ಕಡೆ ಎರಡು ವರ್ಷ, ಇನ್ನೊಂದು ಕಡೆ ನಲವತ್ತು ವರ್ಷ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲವೆಂದು ವಾಚಕರು ಹೇಳಬಹುದು. ನಿಜವೇ, ಒಬ್ಬನು ತಾರುಣ್ಯದ ಕೆಲವು ಕಾಲವನ್ನು ಕೊಡುವವನು, ಮತ್ತೊಬ್ಬನು ಬಾಳನ್ನೇ ಕೊಟ್ಟವನು. ಆದಾಗ್ಯೂ ಎರಡು ವರ್ಷದಲ್ಲಿ ಕಲಿತ ಭಾಷೆಯು ಬಾಗಲಲ್ಲಿ ನಿಂತು ಮಾತನಾಡಲು ಸಾಕಾದೀತೇ ಹೊರತು, ಒಳಗೆ ಕೂತು ಕೇಳಲು ಸಾಲದು. ಮನೆಯವರ ದುಃಖವೇನು, ಅವರ ಹಾಸ್ಯವೇನು, ಅವರ ಅಜ್ಜಿ ಹೇಳಿದ ಕಥೆಯ ಅರ್ಥವೇನು ಎಂದು ತಿಳಿಯತೊಡಗುವಷ್ಟರಲ್ಲಿ ಅವನು ಮನೆಗೆ ಮರಳುವ ದಿನ ಬಂದಿರುತ್ತದೆ.

ಈ ಕೊರತೆಯು ಆ ಸಭೆಯವರಿಗೂ ತಿಳಿಯದ್ದಲ್ಲವೆಂದು ತೋರುತ್ತದೆ. ನಮ್ಮ ದೇಶದಲ್ಲಿ ಅವರ ಕೆಲಸವು ಮತ್ತೆ ಬೇರೂರಿದ್ದು ಭಾರತೀಯರಿಂದಲೇ. ಸಮೋವಾ ದ್ವೀಪದಲ್ಲಿದ್ದಾಗ ಆ ಸಭೆಗೆ ಸೇರಿದ ಎಡ್ವಿನ್ ಧರ್ಮರಾಜು, ಎಲ್ಸಿ ಧರ್ಮರಾಜು ದಂಪತಿಗಳು ೧೯೭೮ರಲ್ಲಿ ಹೈದರಾಬಾದಿನ ತಮ್ಮ ಬಂಧುಗಳ ಬಳಿಗೆ ಮಿಶನೆರಿಗಳಾಗಿ ಬಂದರು. ಅವರು ಮಾತನಾಡಿದ್ದು ತೆಲುಗಿನಲ್ಲಿ. ಬೆಂಗಳೂರನ್ನು ಕೇಂದ್ರವಾಗಿಟ್ಟು ೧೯೯೩ರಲ್ಲಿ ಒಂದು ಮಿಶನ್ ಏರ್ಪಟ್ಟಿತು. ಆದಕಾರಣ ಬೆಂಗಳೂರಿನಲ್ಲಿ ಕಾಣುವ ಹೆಸರುಪಟ್ಟಿಯ ತರುಣರೆಲ್ಲರೂ ಬಿಳಿಯರೆಂದು ತಿಳಿಯಬಾರದು. ಅವರಲ್ಲಿ ಅನೇಕರು ನಮ್ಮ ದೇಶದವರೇ, ಒಂದು ಪ್ರಾಂತದಿಂದ ಇನ್ನೊಂದಕ್ಕೆ ಬಂದವರು. ತೆಲುಗು ನಾಡಿನ ಹುಡುಗನಿಗೆ ಕನ್ನಡವು ಅರ್ಧ ಪರದೇಶವಷ್ಟೆ. ಅಲ್ಲಿ ತಮ್ಮ ದೇವಾಲಯವನ್ನು, ಅಂದರೆ ಭಾರತದಲ್ಲಿ ಮೊದಲನೆಯದನ್ನು, ಕಟ್ಟುವೆವೆಂದು ಅವರು ೨೦೧೮ರ ಏಪ್ರಿಲಿನಲ್ಲಿ ಪ್ರಕಟಿಸಿ ೨೦೨೦ರ ಡಿಸೆಂಬರಿನಲ್ಲಿ ನೆಲ ಅಗೆಯುವ ವಿಧಿಯನ್ನು ನಡಿಸಿದರು.

ಹೆಣ್ಣುಮಕ್ಕಳ ವಿಷಯವಾಗಿ ಹೇಳದೆ ಈ ಲೇಖನವನ್ನು ಮುಗಿಸಿದರೆ ನಮ್ಮ ಶಾಲೆಯ ಪುಸ್ತಕದಲ್ಲಿ ಅದಕ್ಕೆ ಸ್ಥಳವೇಕೆ? ಆ ಸಭೆಯಲ್ಲಿ ಮೊದಲು ಹೆಂಗಸರು ಗಂಡಂದಿರ ಸಂಗಡ ಮಾತ್ರ ಮಿಶನ್ನಿಗೆ ಹೋಗುತ್ತಿದ್ದರು. ಮದುವೆಯಾಗದ ಹುಡುಗಿಯರನ್ನು ವಿಧಿಪೂರ್ವಕವಾಗಿ ನೇಮಿಸಿ ಕಳುಹಿಸಿದ್ದು ೧೮೯೮ರಲ್ಲಿ. ಪ್ರೋವೋ ಊರಿನ ಐನೆಜ್ ನೈಟ್ ಮತ್ತು ಜೆನ್ನಿ ಬ್ರಿಮ್‌ಹಾಲ್ ಎಂಬ ಗೆಳತಿಯರಿಬ್ಬರು ಇಂಗ್ಲೆಂಡಿಗೆ ಹೋಗಿ ಬೀದಿಯಲ್ಲಿ ನಿಂತು ಮಾತನಾಡಿದರು. ಮಾರ್ಮನ್ ಹೆಂಗಸೆಂದರೆ ಬಾಯಿಲ್ಲದ ಪ್ರಾಣಿಯೆಂದು ಭಾವಿಸಿದ್ದವರಿಗೆ ಅದು ಆಶ್ಚರ್ಯವಾಯಿತು. ಬಹುಕಾಲ ಹುಡುಗಿಯರಿಗೆ ೨೧ ವರ್ಷ ತುಂಬಬೇಕೆಂಬ ನಿಯಮವಿತ್ತು. ೨೦೧೨ರ ಅಕ್ಟೋಬರಿನಲ್ಲಿ ಅದನ್ನು ೧೯ಕ್ಕೂ, ಹುಡುಗರ ವಯಸ್ಸನ್ನು ೧೯ರಿಂದ ೧೮ಕ್ಕೂ ಇಳಿಸಿದೊಡನೆ ಹೊರಟ ಹುಡುಗಿಯರ ಸಂಖ್ಯೆಯು ಬಹಳ ಏರಿತು. ೨೦೨೫ರ ನವೆಂಬರಿನಲ್ಲಿ ಹುಡುಗಿಯರಿಗೂ ೧೮ ಎಂದು ಪ್ರಕಟವಾಯಿತು.

ಬಾಸೆಲಿನವರ ಪದ್ಧತಿಯು ಬೇರೆಯಾಗಿತ್ತು. ಹೊರನಾಡಿನಲ್ಲಿರುವ ಮಿಶನೆರಿಯು ಮದುವೆಯಾಗಬೇಕಾದರೆ ಬಾಸೆಲಿನ ಹಿರಿಯರ ಅಪ್ಪಣೆ ಬೇಕು. ಅಪ್ಪಣೆ ಸಿಕ್ಕಿದ ಮೇಲೆ ಜರ್ಮನಿಯಿಂದಲೋ ಸ್ವಿಜರ್ಲೆಂಡಿನಿಂದಲೋ ಹುಡುಗಿಯೊಬ್ಬಳು, ವರನನ್ನು ಸರಿಯಾಗಿ ನೋಡಿಯೇ ಇರದಿದ್ದರೂ, ಪೆಟ್ಟಿಗೆ ಕಟ್ಟಿಕೊಂಡು ಹಡಗೇರುವಳು. ಹೀಗೆ ಬಂದವರು ಈ ನಾಡಿನ ಹೆಣ್ಣುಮಕ್ಕಳನ್ನು ಜಗಲಿಯ ಮೇಲೆ ಕೂರಿಸಿಕೊಂಡು ಹೊಲಿಗೆಯನ್ನೂ ಓದನ್ನೂ ಕಲಿಸಿದರು. ಹಲವರು ಇಲ್ಲಿಯ ಜ್ವರಕ್ಕೂ ಹೆರಿಗೆಗೂ ಬಲಿಯಾದರು. ಕಿಟ್ಟೆಲನ ಮೊದಲ ಹೆಂಡತಿ ಪೌಲೀನಳು ಮದುವೆಯಾದ ಕೆಲವೇ ವರ್ಷಗಳಲ್ಲಿ, ೧೮೬೪ರಲ್ಲಿ, ತೀರಿಕೊಂಡಳು. ನಿಘಂಟಿನ ಮೇಲಿರುವ ಹೆಸರು ಒಂದೇ. ಆ ಮನೆಯನ್ನು ನಡಿಸಿದವರ ಹೆಸರನ್ನು ಹುಡುಕಿ ತೆಗೆಯಬೇಕಾಗಿದೆ. ಮಿಶನ್ ಶಾಲೆಯ ಬೆಂಚಿನ ಮೇಲೆ ಕೂತು ಓದಿದ ನಾವು ಇದನ್ನು ಬರೆದಿಡದಿದ್ದರೆ ಇನ್ನಾರು ಬರೆದಾರು?

ಮನೆಯ ನೆನಪೆಂಬ ವ್ಯಾಧಿಯು ಅಂದಿಗೂ ಇಂದಿಗೂ ಒಂದೇ. ಮೊದಲ ದಿನಗಳ ಉತ್ಸಾಹವು ಇಳಿದ ಮೇಲೆ, ಪರಭಾಷೆಯ ಸಂತೆಯಲ್ಲಿ ಈರುಳ್ಳಿಯ ಬೆಲೆಯನ್ನು ಕೇಳಲೂ ಬಾರದೆ ನಿಂತಾಗ, ಅದು ಹಿಡಿಯುತ್ತದೆ. ಅವಧಿಗೆ ಮುಂಚೆ ಮನೆಗೆ ಮರಳಿದ ಹುಡುಗನು ನೆರೆಹೊರೆಯವರ ಕಣ್ಣಿಗೆ ಸೋತವನಾಗಿ ಕಾಣುವುದು ಆ ಸಮಾಜದಲ್ಲಿ ಒಂದು ದೊಡ್ಡ ನೋವು. ಆ ಸಭೆಯವರು ೨೦೧೩ರಲ್ಲಿ ಇದಕ್ಕೆಂದೇ ಒಂದು ಚಿಕ್ಕ ಪುಸ್ತಕವನ್ನು ಅಚ್ಚುಹಾಕಿದರು. ನಿದ್ರೆ ಬಾರದಿದ್ದರೆ ಏನು ಮಾಡಬೇಕು, ಎದೆಬಡಿತ ಹೆಚ್ಚಿದರೆ ಯಾರಿಗೆ ಹೇಳಬೇಕು, ಭಾಷೆ ಬಾರದೆ ಮನಸ್ಸು ಕುಗ್ಗಿದರೆ ಹೇಗೆ ತಾಳಿಕೊಳ್ಳಬೇಕು ಎಂಬಂಥ ವಿಷಯಗಳು ಅದರ ಸಾರ. ಪ್ರಾರ್ಥನೆ ಮಾಡು, ಎಲ್ಲವೂ ಸರಿಹೋಗುತ್ತದೆ ಎಂದಷ್ಟೇ ಹೇಳಿ ಬಿಟ್ಟುಬಿಡದೆ, ದೇಹಕ್ಕೂ ಮನಸ್ಸಿಗೂ ಬೇಕಾದ್ದನ್ನು ವಿವರಿಸಿದ್ದು ಮೆಚ್ಚತಕ್ಕದ್ದು. ಹದಿನೇಳು ಹದಿನೆಂಟಕ್ಕೆ ಊರು ಬಿಡುವ ನಮ್ಮ ಹುಡುಗಿಯರ ಕೈಯಲ್ಲಿಡಲು ಇಂಥದೊಂದು ಕನ್ನಡ ಪುಸ್ತಕವು ಬಹಳ ಅಗತ್ಯವಾಗಿದೆ.

ಭಾನುವಾರ ಆರಾಧನೆ. ಮುಂಚೆ ಮೂರು ಗಂಟೆ ನಡೆಯುತ್ತಿದ್ದುದನ್ನು ೨೦೧೯ರಿಂದ ಎರಡಕ್ಕೆ ಇಳಿಸಿದ್ದಾರೆ. ಪ್ರಭುವಿನ ಸ್ಮರಣೆಗಾಗಿ ರೊಟ್ಟಿಯನ್ನೂ, ದ್ರಾಕ್ಷಾರಸದ ಬದಲು ನೀರನ್ನೂ ಹಂಚುತ್ತಾರೆ. ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟವನ್ನು ಬಿಟ್ಟು ಅದರ ಬೆಲೆಯನ್ನು ಬಡವರಿಗಾಗಿ ಕೊಡುವ ವಾಡಿಕೆಯಿದೆ. ವಾರವಿಡೀ ಕರೆದ ಹತ್ತು ಮಂದಿಯಲ್ಲಿ ಯಾರಾದರೂ ಬಂದಾರೋ ಎಂದು ತರುಣನು ಬಾಗಲನ್ನೇ ನೋಡುತ್ತಾ ಕೂತಿರುತ್ತಾನೆ. ಸಂಜೆ ಕೋಣೆಗೆ ಮರಳಿ ಜೊತೆಗಾರರಿಬ್ಬರೂ ಮುಂದಿನ ವಾರದ ಪಟ್ಟಿಯನ್ನು ಬರೆಯುತ್ತಾರೆ: ಯಾವ ಬೀದಿ, ಯಾರ ಮನೆ, ಯಾವ ಹೊತ್ತು. ಒಗೆಯುವ ಬಟ್ಟೆಯನ್ನು ಒಂದು ಕಡೆ ಕೂಡಿಡುತ್ತಾರೆ. ಹತ್ತೂವರೆಗೆ ದೀಪ ಆರುವುದು. ಬೆಳಗಾದರೆ ತಾಯಿಗೆ ಪತ್ರ ಬರೆಯುವ ಸೋಮವಾರ.